ಕಥೆಯ ಕರಾವಳಿಯಲ್ಲಿ ಒಂದು ದಿನ

ಇಲ್ಲದ ರಾಜ್ಯವೊಂದನ್ನು ನೋಡಿಬರಲು ಹಣ ತೆತ್ತು ಹೊರಟೆವೆಂದರೆ ವಾಚಕರು ನಕ್ಕಾರು. ಆದರೂ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾವು ದಂಪತಿಗಳು ಅಂಥದೊಂದು ಯಾತ್ರೆಯನ್ನು ಮಾಡಿದೆವು. ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ನರ ಕಾದಂಬರಿಗಳನ್ನು ಆಧರಿಸಿದ ‘ಗೇಮ್ ಆಫ್ ಥ್ರೋನ್ಸ್’ ಎಂಬ ಕಥಾನಕವು 2011ರಿಂದ 2019ರವರೆಗೆ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಸಿಂಹಾಸನಕ್ಕಾಗಿ ಕಾದಾಡುವ ರಾಜವಂಶಗಳ ಆ ಕಥೆಯ ಬಹುಭಾಗವನ್ನು ಚಿತ್ರಿಸಿದುದು ಈ ಸೀಮೆಯಲ್ಲಿಯೇ. ಆ ಸ್ಥಳಗಳನ್ನು ತೋರಿಸುವ ಬಸ್ಸುಗಳು ಈಗ ಬೆಲ್‌ಫಾಸ್ಟಿನಿಂದ ಹೊರಡುತ್ತವೆ.

ನಮ್ಮ ಮಾರ್ಗದರ್ಶಿಯು ಆ ಕಥೆಯಲ್ಲಿ ಸೈನಿಕನ ವೇಷ ಹಾಕಿದವನು. “ನಾನು ಮೂರು ಸಲ ಸತ್ತವನು” ಎಂದು ಹೇಳಿ ಹೊರಡುವಾಗಲೇ ಎಲ್ಲರನ್ನೂ ನಗಿಸಿದನು.

ಬಸ್ಸು ಆಂಟ್ರಿಮ್ ಕರಾವಳಿಯ ಹಾದಿಯನ್ನು ಹಿಡಿಯಿತು. 1832ರಿಂದ 1842ರವರೆಗೆ ವಿಲಿಯಂ ಬಾಲ್ಡ್ ಎಂಬ ಎಂಜಿನಿಯರನು ಕಡಲಿಗೂ ಕಡಿದಾದ ಬಂಡೆಗಳಿಗೂ ನಡುವೆ ಮಾಡಿಸಿದ ರಸ್ತೆಯಿದು. ಎಡಕ್ಕೆ ಹಸುರು ಗುಡ್ಡ, ಬಲಕ್ಕೆ ಬೂದು ಬಣ್ಣದ ನೀರು. ಕಾರ್ನ್‌ಲಾಕ್ ಬಂದರಿನಲ್ಲಿ ಇಳಿದೆವು. ಕಥೆಯ ಹುಡುಗಿಯೊಬ್ಬಳು ಇರಿತದ ಗಾಯದೊಡನೆ ನೀರಿನಿಂದ ಮೇಲೇರಿ ಬಂದ ಕಲ್ಲಿನ ಮೆಟ್ಟಿಲುಗಳು ಅಲ್ಲಿವೆ. ಪಕ್ಕದಲ್ಲಿ ಮುದುಕನೊಬ್ಬನು ನಮ್ಮ ಕಡೆಗೆ ತಿರುಗಿಯೂ ನೋಡದೆ ದೋಣಿಯ ಹಗ್ಗವನ್ನು ಸುತ್ತುತ್ತಿದ್ದನು. ಮುಂದೆ ಕುಶೆಂಡನ್ನಿನ ಗುಹೆಗಳು. ಮಂತ್ರವಾದಿನಿಯೊಬ್ಬಳು ನೆರಳನ್ನೇ ಹೆತ್ತ ತಾಣವಂತೆ.

ಬ್ಯಾಲಿಂಟಾಯ್ ಎಂಬಲ್ಲಿ ಕಿರಿದಾದ ಬಂದರನ್ನು ನೋಡಿದೆವು. ಬಹುಕಾಲದ ಮೇಲೆ ತಾಯ್ನಾಡಿಗೆ ಮರಳಿದ ರಾಜಕುಮಾರನು ಎದುರುಗೊಳ್ಳುವವರಿಲ್ಲದೆ ಇಳಿದುದು ಇಲ್ಲಿ. ಮೇಲೆ ಊರಿನ ಹೋಟೆಲಿನಲ್ಲಿ ಊಟವಾಯಿತು. ಅಲ್ಲಿದ್ದ ಮರದ ಬಾಗಿಲೊಂದರ ತುಂಬ ಆ ಕಥೆಯ ಚಿತ್ರಗಳನ್ನು ಸೊಗಸಾಗಿ ಕೆತ್ತಿದ್ದರು. ನಮ್ಮಾಕೆ ಅದನ್ನು ಮುಟ್ಟಿ ಮುಟ್ಟಿ ಮೆಚ್ಚಿದಳು. ಎಲ್ಲಿಯ ಮರವೆಂದು ನಾವು ಕೇಳಲಿಲ್ಲ.

ಅನಂತರ ಜೈಂಟ್ಸ್ ಕಾಸ್‌ವೇ. ಸುಮಾರು 6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸವು ತಣಿದು ಬಿರಿದು ಆದ, ಸುಮಾರು 40,000 ಕಲ್ಲಿನ ಕಂಬಗಳು ಒತ್ತಾಗಿ ನಿಂತಿವೆ. ಫಿನ್ ಎಂಬ ದೈತ್ಯನು ಸ್ಕಾಟ್ಲೆಂಡಿಗೆ ಹೋಗಲು ಕಟ್ಟಿದ ಸೇತುವೆಯೆಂದು ಜನರು ಹೇಳುತ್ತಾರೆ. ಟೆಲಿವಿಷನ್ನು ಬರುವ ಬಹು ಮೊದಲೇ ಈ ತೀರದವರು ಕಲ್ಲಿಗೆ ಕಥೆಯನ್ನು ಹೊದಿಸಿದ್ದರು. ಕಲ್ಲು ಅದನ್ನು ತಾಳಿಕೊಂಡಿತು.

ಮರವು ತಾಳುವುದೇ? ಕಡೆಯದಾಗಿ ಕಡಲನ್ನು ಬಿಟ್ಟು ಒಳನಾಡಿನ ಡಾರ್ಕ್ ಹೆಡ್ಜಸ್ ಎಂಬ ಸಾಲುಮರಗಳಿಗೆ ಬಂದೆವು. 1775ರ ಸುಮಾರಿಗೆ ಸ್ಟುವರ್ಟ್ ಮನೆತನದವರು ತಮ್ಮ ಗ್ರೇಸ್‌ಹಿಲ್ ಭವನದ ದಾರಿಗೆ ಶೋಭೆಯಾಗಲೆಂದು 150ರಷ್ಟು ಬೀಚ್ ಮರಗಳನ್ನು ನೆಡಿಸಿದರು. ಕೊಂಬೆಗಳು ಮೇಲೆ ಹೆಣೆದುಕೊಂಡು ಚಪ್ಪರವಾಗಿವೆ. ಕಥೆಯಲ್ಲಿ ರಾಜಮಾರ್ಗವಾಗಿ ಕೆಲವೇ ಕ್ಷಣ ಕಂಡ ಈ ದಾರಿಯನ್ನು ನೋಡಲು ಲೋಕವೇ ಬಂದಿತು. ಬೀಚ್ ಮರದ ಬೇರು ಆಳಕ್ಕೆ ಇಳಿಯದು. ಗಾಲಿಗಳೂ ಕಾಲುಗಳೂ ತುಳಿದ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ, ನೀರು ಸಾಲದು. 2017ರಲ್ಲಿ ವಾಹನಗಳನ್ನು ನಿಷೇಧಿಸಿದರು. 2024ರ ನವೆಂಬರಿನಲ್ಲಿ, ಬಿದ್ದು ಅಪಾಯವಾದೀತೆಂದು 6 ಮರಗಳನ್ನು ಕಡಿಯಬೇಕಾಯಿತು.

ಇದನ್ನು ಕೇಳುತ್ತಲೇ ನಾವು ಚಿತ್ರ ತೆಗೆಸಿಕೊಳ್ಳಲು ಒಂದು ಬುಡಕ್ಕೆ ಒರಗಿ ನಿಂತಿದ್ದೆವು. ಮಾರ್ಗದರ್ಶಿಯು ಮೆಲ್ಲಗೆ, “ದಯಮಾಡಿ ಈಚೆಗೆ ಬನ್ನಿ, ಕಾಲ ಕೆಳಗೆ ಬೇರಿದೆ” ಎಂದನು. ಊರಿನಲ್ಲಿ ಅಶ್ವತ್ಥಕಟ್ಟೆಯ ಕೆಳಗೇ ಚಪ್ಪಲಿ ಬಿಡುವ ನಾವು ನಾಚಿದೆವು.

ಹಿಂದಿರುಗುವಾಗ ಅವನು ಆ ಬಾಗಿಲಿನ ಸಂಗತಿಯನ್ನು ತಿಳಿಸಿದನು. 2016ರ ಜನವರಿಯ ಬಿರುಗಾಳಿಗೆ ಈ ಸಾಲಿನ ಎರಡು ಮರಗಳು ಉರುಳಿದುವು. ಅವುಗಳಿಂದ 10 ಬಾಗಿಲುಗಳನ್ನು ಕೆತ್ತಿಸಿ ಈ ಸೀಮೆಯ ಹೋಟೆಲುಗಳಲ್ಲಿ ಇರಿಸಿದರಂತೆ. ನಾವು ಮಧ್ಯಾಹ್ನ ಮುಟ್ಟಿದುದು ಅಂಥದೊಂದನ್ನು.

ಬೆಲ್‌ಫಾಸ್ಟ್ ಸೇರುವವರೆಗೆ ನಮ್ಮಾಕೆ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, “ಬಾಗಿಲು ಚೆನ್ನಾಗಿತ್ತು. ಮರವೇ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು” ಎಂದಳು.