ನನ್ನ ಹೆಸರಿಲೆ ಒಂದು ಪ್ಲಾಟು

ಅಕ್ಕಾರ, ವೈನ್ಯಾರ, ನಾ ಪ್ಲಾಟು ತಗೊಂಡ ಸುದ್ದಿ ಗೊತ್ತಾದಾಗಿಂದ ಎಲ್ಲಾರೂ ಒಂದ ಕೇಳಾಕ್ಹತ್ತೀರಿ, ರೊಕ್ಕ ಹೆಂಗ ಹೊಂದಿಸಿದಿ, ಕಾಗದ ಏನೇನು ನೋಡಿದಿ ಅಂತ. ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಇಲ್ಲೆ ಬರದಬಿಡ್ತೀನಿ.

ಮೊದಲ ರೊಕ್ಕದ ಮಾತು. ನವಲಗುಂದ ಕಡೆ ನಮ್ಮ ತವರಮನಿದು ಪಿತ್ರಾರ್ಜಿತ ಎರಿಹೊಲ ಇತ್ತು. ಅಣ್ಣಾರು ಮಾರಾಕ ನಿಂತಾಗ ನಮ್ಮ ಅಕ್ಕತಂಗ್ಯಾರ ಸಹಿ ಬೇಕಾತು. ಹಿಂದೂ ವಾರಸಾ ಕಾಯ್ದೆಕ್ಕ 2005ರಾಗ ತಿದ್ದುಪಡಿ ಆದಮ್ಯಾಲೆ ಹೆಣ್ಮಕ್ಕಳಿಗೂ ಗಂಡುಮಕ್ಕಳಷ್ಟ ಪಾಲು. 2005ಕ್ಕ ಅಪ್ಪ ಜೀವಂತ ಇರಬೇಕಂತ ಇಲ್ಲ, ಹುಟ್ಟಿನಿಂದನ ಹಕ್ಕು ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಅಣ್ಣ ಜಗಳಿಲ್ಲದ ನನ್ನ ಪಾಲು 10 ಲಕ್ಷ ನನ್ನ ಖಾತೆಗೇ ಹಾಕಿದ.

ಅತ್ತಿ ಅಂದ್ರು ಬಂಗಾರ ಮಾಡಿಸ್ಕೋ. ನಮ್ಮನಿಯವರು ಅಂದ್ರು ಎಫ್.ಡಿ. ಇಡು. ಎರಡೂ ತಪ್ಪಲ್ಲ. ಆದ್ರ ನನ್ನ ಮನಸಿನ್ಯಾಗ ಇದ್ದದ್ದು ಬ್ಯಾರೆ. ತವರಿನ ಭೂಮಿ ಹೋತು, ಅದರ ರೊಕ್ಕ ಮತ್ತ ಭೂಮಿನ ಆಗ್ಲಿ. ಮೂವತ್ತು ವರ್ಷ ಮನಿ ನಡಸೀನಿ, ಆದ್ರ ಲೈಟ್ ಬಿಲ್ಲಿನ ಮ್ಯಾಲೂ ನನ್ನ ಹೆಸರಿಲ್ಲ. ಒಂದರ ನನ್ನ ಹೆಸರಿಲೆ ಇರ್ಲಿ ಅನಿಸ್ತು.

ಮೊದಲ ಒಬ್ಬ ಏಜೆಂಟ ಧಾರವಾಡದ ಹೊರಗ ಗುಂಟೆ ಪ್ಲಾಟು ತೋರಿಸಿದ. ಒಂದು ಗುಂಟೆ ಅಂದ್ರ 1,089 ಚದರಡಿ, ಬರೇ 6 ಲಕ್ಷ. "ಅಕ್ಕಾರ, ರವಿವಾರದೊಳಗ 50,000 ಕ್ಯಾಶ್ ಸಂಚಕಾರ ಕೊಡ್ರಿ, ಇಲ್ಲಂದ್ರ ಹೊಕ್ಕೈತಿ" ಅಂದ. ಎನ್.ಎ. ಆಗೇತೇನು ಅಂತ ಕೇಳಿದ್ರ "ಮುಂದ ಆಕ್ಕೈತ್ರಿ" ಅಂದ. ಹೊಲಾನ ತುಂಡು ಮಾಡಿ ಮಾರೂ ಇಂಥಾ ಜಾಗಕ್ಕ ಮನಿ ಕಟ್ಟಾಕ ಪರವಾನಗಿನೂ ಸಿಗಂಗಿಲ್ಲ, ಬ್ಯಾಂಕಿನ ಸಾಲನೂ ಸಿಗಂಗಿಲ್ಲ. ಆಸ್ತಿ ಖರೀದಿಗೆ 20,000 ಇಲ್ಲಾ ಅದಕ್ಕ ಮ್ಯಾಲೆ ಕ್ಯಾಶ್ ತಗೊಳ್ಳೂದಕ್ಕೂ ಕಾಯ್ದೆ ಒಪ್ಪಂಗಿಲ್ಲ.

ಉತಾರ ತರಿಸಿ ನೋಡಿದೆ. ಮೂರು ಮಂದಿ ಅಣ್ಣತಮ್ಮಂದಿರ ಹೆಸರು ಅಷ್ಟ ಇತ್ತು. ಇವರಿಗೆ ಅಕ್ಕತಂಗ್ಯಾರು ಇಲ್ಲೇನು ಅಂತ ಕೇಳಿದೆ. "ಒಬ್ಬಾಕಿ ಇದ್ದಾಳ್ರಿ, ಅಕಿನ್ನ ಮದವಿ ಮಾಡಿ ಕೊಟ್ಟಾರ, ಅಕಿದೇನೈತಿ" ಅಂದ. ಕೇಳಿ ಎದಿ ಚುರ್ ಅಂತು. ನನ್ನ ಸಹಿಗೆ ಬೆಲಿ ಇತ್ತಂತನ ನನ್ನ ಕೈಯಾಗ ರೊಕ್ಕ ಬಂದಿತ್ತು. ಅದ ರೊಕ್ಕದಿಂದ ಇನ್ನೊಬ್ಬಾಕಿ ಪಾಲು ನುಂಗೂದು ಹೆಂಗ? ನಾಳೆ ಅಕಿ ಕೋರ್ಟಿಗೆ ಹೋದ್ರ ನನ್ನ 6 ಲಕ್ಷನೂ ಗಾಳಿಗೆ. ಬ್ಯಾಡ ಅಂದು ಬಂದೆ.

ಮುಂದ ಮೂರು ತಿಂಗಳಿಗೆ ಪ್ರಾಧಿಕಾರದ ಮಂಜೂರಾತಿ ಇದ್ದ ಎನ್.ಎ. ಲೇಔಟಿನ್ಯಾಗ 30-40 ಪ್ಲಾಟು ಸಿಕ್ತು, 15 ಲಕ್ಷ. ವಕೀಲರ ಕೈಯಾಗ ಇಷ್ಟು ಕೊಟ್ಟೆ: ಎನ್.ಎ. ಆದೇಶ, ಮಂಜೂರಾದ ನಕಾಶೆ, ಮೂಲ ಖರೀದಿ ಪತ್ರ, ತೆರಿಗೆ ಪಾವತಿ, ಮತ್ತ 30 ವರ್ಷದ ಋಣಭಾರ ಪತ್ರ. ಎಲ್ಲಾರೂ ಇದಕ್ಕ ಇ.ಸಿ. ಅಂತಾರ. ಜಾಗದ ಮ್ಯಾಲೆ ನೋಂದಣಿ ಆದ ಅಡವು, ಮಾರಾಟ ಎಲ್ಲಾ ಅದರಾಗ ಕಾಣ್ತೈತಿ. ಹೊಸ ಲೇಔಟಿನ್ಯಾಗ ತಗೊಳ್ಳೋರು ರೇರಾ ನಂಬರೂ ಕೇಳ್ರಿ. ರೇರಾ ನಿಯಮದ ಪ್ರಕಾರ ಕರಾರುಪತ್ರ ನೋಂದಣಿ ಆಗೂದಕ್ಕಿಂತ ಮೊದಲ 10%ಕ್ಕಿಂತ ಹೆಚ್ಚು ರೊಕ್ಕ ಅವರು ತಗೊಳ್ಳಂಗಿಲ್ಲ.

ಇನ್ನ ಸಾಲ. ನನ್ನ ಕಡೆಯಿಂದ 8 ಲಕ್ಷ, ಉಳಿದದ್ದು 7 ಲಕ್ಷ ಬ್ಯಾಂಕಿಂದ. ನನಗ ಪಗಾರ ಇಲ್ಲ, ನಮ್ಮನಿಯವರಿಗೆ ನಿವೃತ್ತಿ ಹತ್ರ, ಅದಕ್ಕ ಮಗನೂ ಸಹಿ ಹಾಕಿದ. ಬ್ಯಾಂಕಿನವರು 20 ವರ್ಷ ಮಾಡ್ರಿ, ಕಂತು ಹಗುರ ಅಂದ್ರು. ನಾ ಮನಿಗೆ ಬಂದು ಲೆಕ್ಕ ಹಾಕಿದೆ. 9% ಬಡ್ಡಿಗೆ 20 ವರ್ಷ ಅಂದ್ರ ತಿಂಗಳ ಕಂತು ಸುಮಾರು 6,300, ಒಟ್ಟು ಬಡ್ಡಿ 8 ಲಕ್ಷ ದಾಟ್ತೈತಿ, ಅಸಲಿಗಿಂತ ಹೆಚ್ಚು! 10 ವರ್ಷಕ್ಕ ಮಾಡಿದ್ರ ಕಂತು ಸುಮಾರು 8,870, ಬಡ್ಡಿ 3 ಲಕ್ಷ 64 ಸಾವಿರದ ಆಜೂಬಾಜು. ತಿಂಗಳಿಗೆ ಎರಡೂವರಿ ಸಾವಿರ ಬಿಗಿ ಹಿಡದ್ರ ನಾಲ್ಕೂವರಿ ಲಕ್ಷ ಉಳೀತೈತಿ. 10 ವರ್ಷಕ್ಕ ಮಾಡಿದ್ವಿ.

ಪ್ಲಾಟಿನ ಬೆಲಿ ಅಷ್ಟ ಖರ್ಚು ಅನ್ಕೋಬ್ಯಾಡ್ರಿ. ಮುದ್ರಾಂಕ ಶುಲ್ಕನ 5%, ಅಂದ್ರ 15 ಲಕ್ಷಕ್ಕ 75,000. ಅದರ ಮ್ಯಾಲೆ ಸೆಸ್, ನೋಂದಣಿ ಶುಲ್ಕ, ವಕೀಲರ ಫೀ. ಖರೀದಿ ಬೆಲಿ, ಸರಕಾರದ ಮಾರ್ಗಸೂಚಿ ಬೆಲಿ, ಎರಡರಾಗ ಯಾವುದು ಹೆಚ್ಚೋ ಅದರ ಮ್ಯಾಲೆ ಶುಲ್ಕ. ಇದಕ್ಕಂತನ ನಾ 10 ಲಕ್ಷದಾಗ 2 ಲಕ್ಷ ಮುಟ್ಟದ ಇಟ್ಟಿದ್ದೆ. ಉಳಿದದ್ದು ದವಾಖಾನಿ ಖರ್ಚಿಗಂತ ಬ್ಯಾಂಕಿನ್ಯಾಗನ ಐತಿ.

ಇನ್ನೊಂದು ಮಾತು ಖರೇನ ಹೇಳ್ತೀನಿ. ಖಾಲಿ ಪ್ಲಾಟು ಬಾಡಗಿ ತರಂಗಿಲ್ಲ. ವರ್ಷಾ ತೆರಿಗೆ ತುಂಬಬೇಕು, ಕಲ್ಲು ನೆಟ್ಟು ತಂತಿ ಹಾಕಬೇಕು, ಆಗಾಗ ಹೋಗಿ ನೋಡಬೇಕು. ಬೇಕಂದ ದಿನ ಮಾರಿ ರೊಕ್ಕ ಮಾಡಾಕ ಬರಂಗಿಲ್ಲ. ಹಂಗಾಗಿ ಮಗಳ ಮದವಿಗೆ, ಆಪರೇಷನ್ನಿಗೆ ಇಟ್ಟ ರೊಕ್ಕ ಇದಕ್ಕ ಹಾಕಬ್ಯಾಡ್ರಿ.

ತವರಮನ್ಯಾಗ ಹೊಲ, ಮನಿ ಇದ್ದೋರಿಗೆ ಒಂದು ಕೇಳ್ಕೋತೀನಿ. ಅಣ್ಣತಮ್ಮಂದಿರು ಸಹಿಗೆ ಬಂದ್ರ ಮೊದಲ ಕಾಗದ ಓದ್ರಿ. ಅದು ಖರೀದಿ ಪತ್ರನೋ, ಹಕ್ಕು ಬಿಟ್ಟ ಪತ್ರನೋ ತಿಳ್ಕೊರಿ. ಪ್ರೀತಿಲೆ ಬಿಟ್ಟುಕೊಟ್ರ ಅದು ನಿಮ್ಮ ಖುಷಿ, ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ಆದ್ರ ಏನು ಬಿಟ್ಟುಕೊಡಾಕ್ಹತ್ತೀನಿ ಅನ್ನೂದು ಗೊತ್ತಿದ್ದು ಬಿಡ್ರಿ. ಹಂಗ ನೀವು ಏನರ ಖರೀದಿ ಮಾಡಾಕ ಹೋದ್ರ, ಮಾರೋರ ಮನಿ ಹೆಣ್ಮಕ್ಕಳ ಸಹಿ ಎಲ್ಲೈತಿ ಅಂತ ಮರೀದ ಕೇಳ್ರಿ.