ಮೋಟ್ರು ನಮ್ದು, ವೈಂಡಿಂಗ್ ದುಡ್ಡು ಬೇರೆ

ಬಿಡುವಿನಲ್ಲಿ ನಾನು ಬರೆದ ಪ್ಲಗಿನ್ ಒಂದಕ್ಕೆ ಈಗ ಬೆಲೆ ಕಟ್ಟಬೇಕಾಗಿದೆ. ಇಂಟೆಲಿಜೆ ಐಡಿಯಾದೊಳಗೆ ಕೂತು, ಉದ್ದುದ್ದ ಲಾಗ್ ಫೈಲುಗಳಲ್ಲಿ ಎಡವಟ್ಟು ಎಲ್ಲಾಗಿದೆ ಅಂತ ತೋರಿಸುವ ಸಣ್ಣ ಸಾಧನ ಅದು. ಇಷ್ಟು ದಿನ ಪುಕ್ಕಟೆ ಕೊಟ್ಟೆ. ಆದರೆ ಐಡಿಯಾದ ದೊಡ್ಡ ಆವೃತ್ತಿಗಳು ವರ್ಷಕ್ಕೆ ಮೂರು ಬರುತ್ತವೆ. ಪ್ರತಿ ಸಲವೂ ನನ್ನ ಪ್ಲಗಿನ್ ಓಡುತ್ತಾ ಅಂತ ನೋಡಿ, ಮುರಿದಿದ್ದನ್ನು ಸರಿ ಮಾಡಬೇಕು. ಶನಿವಾರ, ಭಾನುವಾರ ಅದಕ್ಕೇ ಹೋಗುತ್ತೆ. ದುಡ್ಡು ಹುಟ್ಟದಿದ್ದರೆ ಒಂದಿನ ಕೈಬಿಡಬೇಕಾಗುತ್ತೆ; ಆಗ ನಂಬಿದವರ ಪಾಡೇನು?

ಸರಿ, ವರ್ಷಕ್ಕಿಷ್ಟು ಅಂತ ಚಂದಾ ಇಡೋಣ ಅನ್ನಿಸಿತು. ಶಾಗ್ಯಕ್ಕೆ ಹೋದಾಗ ಅಪ್ಪನಿಗೆ ಹೇಳಿದೆ. "ಅಲ್ಲ ಕನ ಮಗ, ಮೋಟ್ರು ತಕ್ಕಂಡ್ ಮ್ಯಾಲ ನಮ್ದಲ್ವಾ? ವರ್ಷೊರ್ಷ ಅಂಗ್ಡಿಯವ್ನಿಗ ಯಾಕ್ ಬಾಡ್ಗ ಕಟ್ಟದು?" ಅಂದ.

2015ರ ಸೆಪ್ಟೆಂಬರಿನಲ್ಲಿ ಐಡಿಯಾ ತಯಾರಿಸುವ ಜೆಟ್‌ಬ್ರೈನ್ಸ್ ಕಂಪನಿ ಚಂದಾ ಪದ್ಧತಿ ಘೋಷಿಸಿದಾಗ ಪ್ರೋಗ್ರಾಮರುಗಳು ಕೇಳಿದ್ದೂ ಇದನ್ನೇ. ದುಡ್ಡು ನಿಲ್ಲಿಸಿದ ದಿನ ಸಾಫ್ಟ್‌ವೇರೂ ನಿಂತುಹೋದರೆ ಹೇಗೆ ಅಂತ ಗಲಾಟೆಯಾಯಿತು. ಕಂಪನಿ ಅದೇ ತಿಂಗಳು ನಿಯಮ ತಿದ್ದಿತು. ಒಂದು ವರ್ಷದ ಚಂದಾ ಕಟ್ಟಿದರೆ, ಆ ವರ್ಷದ ಆರಂಭದಲ್ಲಿದ್ದ ಆವೃತ್ತಿ ಶಾಶ್ವತವಾಗಿ ನಿಮ್ಮದು. 2024ರ ಜನವರಿಯಲ್ಲಿ ಕಟ್ಟಿ, ಮುಂದಿನ ವರ್ಷ ಬಿಟ್ಟರೂ 2023.3 ನಿಮ್ಮ ಬಳಿಯೇ ಉಳಿಯುತ್ತೆ. ಹೊಸದು ಬೇಕಿದ್ದರೆ ಮಾತ್ರ ಮತ್ತೆ ದುಡ್ಡು.

ಅಪ್ಪನ ಲೆಕ್ಕದಲ್ಲಿ ಹೇಳೋದಾದರೆ, ಮೋಟ್ರು ನಮ್ದು, ವೈಂಡಿಂಗ್ ದುಡ್ಡು ಬೇರೆ. ಇದು ನನಗೂ ಒಪ್ಪಿಗೆಯಾಯಿತು. ವರ್ಷದ ಚಂದಾ ನನ್ನ ವೈಂಡಿಂಗ್ ಕೂಲಿ ಅಷ್ಟೇ. ಹಳೇ ಪ್ಲಗಿನ್ ಹೊಸ ಐಡಿಯಾದಲ್ಲಿ ಓಡುತ್ತೆ ಅನ್ನೋ ಭರವಸೆ ಇಲ್ಲ. ಅದನ್ನು ಬೆಲೆಯ ಪಕ್ಕದಲ್ಲೇ ಬರೆಯುತ್ತೇನೆ.

ಬೆಲೆಯಲ್ಲೂ ಭೇದ ಮಾಡಿದ್ದೇನೆ. ಲಾಗ್ ಹುಡುಕುವ ಮುಖ್ಯ ಕೆಲಸ ಎಲ್ಲರಿಗೂ ಪುಕ್ಕಟೆ. ಕೊಳ್ಳೇಗಾಲದಲ್ಲಿ ಕೂತು ಕಲಿಯುವ ಹುಡುಗನಿಗೆ ಅಷ್ಟು ಸಾಕು. ತಂಡಕ್ಕೆ ಬೇಕಾದ ಹೆಚ್ಚುವರಿ ಸೌಲಭ್ಯಗಳಿಗೆ ದುಡ್ಡು. ಸ್ವಂತ ಜೇಬಿನಿಂದ ಕೊಡುವವರಿಗೆ ಕಡಿಮೆ, ಕಂಪನಿಗೆ ತಲೆಗಿಷ್ಟು ಅಂತ ಹೆಚ್ಚು.

ನೀವೂ ಯಾವುದಾದರೂ ಸಾಧನಕ್ಕೆ ಕಾರ್ಡ್ ನಂಬರ್ ಒತ್ತುವ ಮುಂಚೆ ಬೆಲೆಯೊಂದನ್ನೇ ನೋಡಬೇಡಿ. ದುಡ್ಡು ನಿಲ್ಲಿಸಿದ ಮಾರನೇ ದಿನ ಕೈಯಲ್ಲಿ ಏನು ಉಳಿಯುತ್ತೆ ಅಂತ ಲೈಸೆನ್ಸಿನಲ್ಲಿ ಹುಡುಕಿ.