ನ್ಯೂಯಾರ್ಕಿನ ‘ಲಾ ಮಾಮಾ’ ರಂಗಮಂದಿರ

ನ್ಯೂಯಾರ್ಕಿಗೆ ಹೋದವರೆಲ್ಲ ಬ್ರಾಡ್‌ವೇಯ ದೀಪಗಳ ವೈಭವವನ್ನು ನೋಡಿ ಬರುತ್ತಾರೆ. ಮಗನ ಮನೆಗೆಂದು ಅಮೆರಿಕೆಗೆ ತೆರಳಿದ್ದ ನಾವೂ ಅದನ್ನು ಕಂಡೆವು. ಆದರೆ ಮನಸ್ಸಿನಲ್ಲಿ ಉಳಿದದ್ದು ಮ್ಯಾನ್‌ಹಟನ್ನಿನ ಪೂರ್ವ ನಾಲ್ಕನೆಯ ಬೀದಿಯ 74ಎ ಸಂಖ್ಯೆಯ ಕಟ್ಟಡ, ‘ಲಾ ಮಾಮಾ’ ರಂಗಮಂದಿರ.

ಇದರ ಸ್ಥಾಪಕಿ ಎಲೆನ್ ಸ್ಟೀವರ್ಟ್ (1919–2011) ಕಪ್ಪು ಜನಾಂಗದ ವಸ್ತ್ರವಿನ್ಯಾಸಕಿ. ಊರಿಗೆ ಹೊಸಬರಾಗಿ ಬಂದಾಗ ಯಹೂದಿ ಬಟ್ಟೆ ವ್ಯಾಪಾರಿಯೊಬ್ಬರು ಅವರನ್ನು ಮಗಳಂತೆ ಕಂಡರು. ಪರರಿಗಾಗಿ ತಳ್ಳುಗಾಡಿ ತಳ್ಳಿದರೆ ಅದೇ ನಿನ್ನನ್ನು ಗುರಿ ಮುಟ್ಟಿಸುವುದೆಂದು ಆ ಹಿರಿಯರು ಬುದ್ಧಿ ಹೇಳಿದ್ದರಂತೆ. ನಾಟಕ ಬರೆಯುತ್ತಿದ್ದ ಸಾಕುಸಹೋದರನಿಗಾಗಿ ಸ್ಟೀವರ್ಟ್ 1961ರಲ್ಲಿ ಒಂಬತ್ತನೆಯ ಬೀದಿಯಲ್ಲಿ ನೆಲಮಾಳಿಗೆಯೊಂದನ್ನು ಬಾಡಿಗೆಗೆ ಹಿಡಿದರು. ಅಲ್ಲಿಗೆ ಬಿಳಿಯ ಗಂಡಸರು ಬಂದುಹೋಗುವುದನ್ನು ಕಂಡ ನೆರೆಯವರು ನೀತಿಗೆಟ್ಟ ವ್ಯವಹಾರವೆಂದು ಶಂಕಿಸಿ ದೂರಿತ್ತರು. ವಿಚಾರಣೆಗೆ ಬಂದ ಅಧಿಕಾರಿಯಾದರೋ ಹಿಂದೆ ತಾವೇ ರಂಗದ ಮೇಲಿದ್ದವರು! ಕಾಫಿಗೃಹದ ಪರವಾನಗಿ ಪಡೆಯುವ ದಾರಿ ತೋರಿಸಿದರು. ಎಲ್ಲರೂ ‘ಮಾಮಾ’ ಎನ್ನುತ್ತಿದ್ದ ಆಕೆಯ ಹೆಸರೇ ರಂಗಮಂದಿರದ ಹೆಸರಾಯಿತು.

1969ರಲ್ಲಿ ಸಂಸ್ಥೆ ಈಗಿನ ಬೀದಿಗೆ ಬಂದಿತು. ಸ್ಟೀವರ್ಟ್ ರಂಗದ ಮೇಲಿನ ಅಂತಸ್ತಿನಲ್ಲಿಯೇ ವಾಸಿಸಿದರು. ಪ್ರದರ್ಶನಕ್ಕೆ ಮುನ್ನ ಕೈಗಂಟೆ ಬಾರಿಸಿ ಪ್ರೇಕ್ಷಕರನ್ನು ಸ್ವಾಗತಿಸುತ್ತಿದ್ದರು. ಅವರು ರುಮೇನಿಯಾದಿಂದ ಕರೆತಂದ ಆಂದ್ರೇ ಶೆರ್ಬಾನ್ ಗ್ರೀಕ್ ದುರಂತ ನಾಟಕಗಳನ್ನು 1974ರಲ್ಲಿ ಪ್ರಾಚೀನ ಭಾಷೆಗಳ ನುಡಿಗಳಲ್ಲಿಯೇ ಆಡಿಸಿದರು. 1979ರಲ್ಲಿ ಪೋಲೆಂಡಿನ ತಾದೆಯುಷ್ ಕಾಂತೋರ್ ‘ಸತ್ತವರ ತರಗತಿ’ಯನ್ನು ಇಲ್ಲಿ ಪ್ರದರ್ಶಿಸಿದರು. ಹೀಗೆ ದೂರದೇಶಗಳ ರಂಗಕಲೆ ಅಮೆರಿಕದ ಪ್ರೇಕ್ಷಕರ ಮುಂದೆ ಬಂದಿತು. 2018ರಲ್ಲಿ ಸಂಸ್ಥೆಗೆ ಪ್ರಾದೇಶಿಕ ರಂಗಭೂಮಿಯ ಟೋನಿ ಗೌರವ ದೊರೆಯಿತು.

ನಾವು ಹೋದ ಸಂಜೆಯ ಆಟ ನಮಗೆ ತಿಳಿಯದ ಭಾಷೆಯಲ್ಲಿತ್ತು. ಕನ್ನಡವನ್ನು ತಡವರಿಸಿ ಆಡುವ ಮೊಮ್ಮಗಳು ಪಕ್ಕದಲ್ಲಿದ್ದಳು. ಅವಳ ಇಂಗ್ಲಿಷ್ ನಮಗೆ ಅಷ್ಟಕ್ಕಷ್ಟೆ. ರಂಗದ ಮೇಲೆ ತಾಯಿಯೊಬ್ಬಳು ಮಗನನ್ನು ಕಳೆದುಕೊಂಡು ಗೋಳಿಟ್ಟಾಗ ಮಗು ನಮ್ಮ ಕೈ ಹಿಡಿಯಿತು. “ಅಜ್ಜಾ, ನಿಮಗೆ ತಿಳೀತಾ?” ಎಂದು ಹೊರಬಂದ ಮೇಲೆ ಕೇಳಿದಳು. “ತಿಳಿಯಿತು ತಾಯಿ” ಎಂದೆವು.

ಭಾಷೆ ಸಾಲದೆ ಮೊಮ್ಮಗಳು ದೂರವಾದಾಳೆಂಬ ಅಳುಕು ನಮ್ಮಲ್ಲಿತ್ತು. ಅಂದು ರಾತ್ರಿ ಮನೆಯವರೆಗೂ ಅವಳು ಹಿಡಿದ ಕೈ ಬಿಡಲಿಲ್ಲ.